ಮಲೆನಾಡಿನ ಮನೆಯಲ್ಲಿ ಸೊಪ್ಪು, ತರಕಾರಿ, ಹಣ್ಣು ಕೆಡದಂತೆ ಇಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿಯಲ್ಲಿ ಮೂವತ್ತು ಮಳೆಗಾಲ ಅಡುಗೆಮನೆ ನಡೆಸಿದ್ದೇನೆ. ನೆಂಟರು, ನೆರೆಯವರು, ಮದುವೆಯಾಗಿ ಘಟ್ಟದ ಈ ಬದಿಗೆ ಬಂದ ಬಯಲುಸೀಮೆಯ ಹುಡುಗಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿ ಸಲವೂ ಫೋನಿನಲ್ಲಿ ಹೇಳುವ ಬದಲು ಒಂದೆಡೆ ಬರೆದಿಟ್ಟಿದ್ದೇನೆ.

ಫ್ರಿಜ್ಜಿನಲ್ಲಿ ಇಟ್ಟರೂ ಸೊಪ್ಪು ಎರಡೇ ದಿನಕ್ಕೆ ಲೋಳೆಯಾಗುತ್ತದೆ. ಏಕೆ?

ಒದ್ದೆಯಾಗಿಯೇ ಒಳಗೆ ಇಟ್ಟಿರುತ್ತೀರಿ, ಅದಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸಂತೆಗೆ ಬರುವ ಸೊಪ್ಪು ಕೀಳುವಾಗಲೇ ನೆನೆದಿರುತ್ತದೆ. ಬಾಡದಿರಲಿ ಎಂದು ಮಾರುವವರು ಮೇಲೆ ಇನ್ನಷ್ಟು ನೀರು ಚಿಮುಕಿಸುತ್ತಾರೆ. ನಾವು ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿಗೆ ಗಂಟು ಹಾಕಿ, ಹಾಗೆಯೇ ಫ್ರಿಜ್ಜಿಗೆ ತಳ್ಳುತ್ತೇವೆ. ಕಿತ್ತ ಮೇಲೂ ಸೊಪ್ಪಿಗೆ ಜೀವ ಇರುತ್ತದೆ. ಅದು ಉಸಿರಾಡುತ್ತದೆ, ಉಸಿರಾಡುವಾಗ ಬಿಸಿಯನ್ನೂ ನೀರಿನ ಆವಿಯನ್ನೂ ಬಿಡುತ್ತದೆ. ಆ ಆವಿ ತಣ್ಣನೆಯ ಪ್ಲಾಸ್ಟಿಕ್ಕಿಗೆ ತಗುಲಿ ಹನಿಗಟ್ಟಿ ಮತ್ತೆ ಎಲೆಯ ಮೇಲೆಯೇ ಇಳಿಯುತ್ತದೆ. ಎಲೆಯನ್ನು ಕೊಳೆಸುವ ಬ್ಯಾಕ್ಟೀರಿಯಾಗಳಿಗೆ ಅಷ್ಟು ತೇವ ಧಾರಾಳವಾಯಿತು. ತಂಪು ಅವುಗಳ ಕೆಲಸವನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ನಾನು ಮಾಡುವುದು ಇಷ್ಟು. ಸಂತೆಯಿಂದ ಬಂದ ತಕ್ಷಣ ಕಟ್ಟು ಬಿಚ್ಚುತ್ತೇನೆ. ಬಾಳೆನಾರು ಬಿಗಿದ ಜಾಗದಲ್ಲಿಯೇ ದಂಟು ಮೊದಲು ಕೊಳೆಯುವುದು. ಹಳದಿ ಎಲೆ, ಜಜ್ಜಿದ ಎಲೆಗಳನ್ನು ಆರಿಸಿ ತೆಗೆದು, ಉಳಿದದ್ದನ್ನು ಹಳೆಯ ಹತ್ತಿ ಪಂಚೆಯ ಮೇಲೆ ಹರವಿ ಫ್ಯಾನಿನ ಕೆಳಗೆ ಒಂದು ಗಂಟೆ ಬಿಡುತ್ತೇನೆ. ಮುಟ್ಟಿದರೆ ಕೈಗೆ ನೀರು ಹತ್ತಬಾರದು. ಆಮೇಲೆ ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಮುಚ್ಚಳ ಪೂರ್ತಿ ಬಿಗಿಯದ ಡಬ್ಬಿಯಲ್ಲಿ ಇಡುತ್ತೇನೆ. ಎರಡು ದಿನಕ್ಕೊಮ್ಮೆ ಬಟ್ಟೆ ಬದಲಾಯಿಸಬೇಕು. ಬೇಸರದ ಕೆಲಸವೇ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಹೀಗೆ ಇಟ್ಟ ಹರಿವೆ ನಾಲ್ಕೈದು ದಿನ ಬರುತ್ತದೆ, ಕೊತ್ತಂಬರಿ ವಾರ ದಾಟುತ್ತದೆ. ಬೇರು ಇರುವ ಕೊತ್ತಂಬರಿಯನ್ನು ಲೋಟದ ನೀರಿನಲ್ಲಿ ಬೇರು ಮಾತ್ರ ಮುಳುಗುವಂತೆ ನಿಲ್ಲಿಸಿದರೂ ಆಗುತ್ತದೆ.

ಬಸಳೆಗೆ ಈ ಉಪಚಾರ ಬೇಡ. ಎಲೆ ಬಿಡಿಸಿಕೊಂಡು ದಂಟಿನ ಒಂದು ತುಂಡನ್ನು ಬಚ್ಚಲ ನೀರು ಹರಿಯುವ ಕಡೆ ಊರಿ. ಮುಂದಿನ ತಿಂಗಳು ಸಂತೆಯಲ್ಲಿ ಬಸಳೆ ಕೊಳ್ಳುವುದೇ ತಪ್ಪುತ್ತದೆ.

ತೊಳೆದು ಇಡಬೇಕೋ, ತೊಳೆಯದೆ ಇಡಬೇಕೋ?

ತೊಳೆಯದೆ. ಅಡುಗೆಗೆ ಮುಂಚೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕೆಸರು ಮೆತ್ತಿದ ಗೆಡ್ಡೆಯಾದರೆ ಮಣ್ಣು ಒಣಗಲು ಬಿಟ್ಟು ಕೊಡವಿದರೆ ಸಾಕು.

ಮೊಬೈಲಿನ ವಿಡಿಯೊಗಳಲ್ಲಿ ತೋರಿಸುವ ಉಪಾಯಗಳು ನಮ್ಮಲ್ಲಿ ಏಕೆ ಕೈಕೊಡುತ್ತವೆ?

ಅವನ್ನು ಮಾಡಿದವರ ಮನೆ ಒಣ ಊರಿನಲ್ಲಿ ಇರುತ್ತದೆ. ಅಲ್ಲಿ ತರಕಾರಿ ಬಾಡುತ್ತದೆ, ಇಲ್ಲಿ ಕೊಳೆಯುತ್ತದೆ. ಎರಡೂ ಕೆಡುವುದೇ ಆದರೂ ಮದ್ದು ತದ್ವಿರುದ್ಧ. ಬಾಡುವ ಊರಿನಲ್ಲಿ ಒದ್ದೆ ಬಟ್ಟೆ ಸುತ್ತು ಎನ್ನುತ್ತಾರೆ. ನಮ್ಮ ಆಷಾಢದಲ್ಲಿ ಒದ್ದೆ ಬಟ್ಟೆ ಸುತ್ತಿದರೆ ಮರುದಿನ ತೆಗೆದು ಗೊಬ್ಬರದ ಗುಂಡಿಗೆ ಹಾಕಬೇಕು.

ಇದಕ್ಕೆ ಒಳ್ಳೆಯ ಉದಾಹರಣೆ ಮಣ್ಣಿನ ಮಡಕೆಯ 'ಫ್ರಿಜ್'. ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಮರಳಿಗೆ ನೀರು ಹಾಕುವುದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಇದೇ ತತ್ವದಲ್ಲಿ ಇಟ್ಟಿಗೆ ಮತ್ತು ಮರಳಿನ, ವಿದ್ಯುತ್ ಬೇಡದ ತಂಪುಕೋಣೆಯನ್ನು ರೂಪಿಸಿದೆ. ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುತ್ತದೆ, ಒಳಗೆ ತಂಪಾಗುತ್ತದೆ. ಗಾಳಿ ಒಣಗಿದ್ದರೆ ಮಾತ್ರ ನೀರು ಆವಿಯಾಗುವುದು ಎಂಬುದನ್ನು ವಿಡಿಯೊದವರು ಹೇಳುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಶಿವಮೊಗ್ಗ, ಶಿಕಾರಿಪುರದ ಕಡೆ ಈ ಮಡಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಜುಲೈನಲ್ಲಿ ನಮ್ಮ ಕಡೆ ಹಗ್ಗದ ಮೇಲೆ ಹಾಕಿದ ಪಂಚೆಯೇ ನಾಲ್ಕು ದಿನವಾದರೂ ಒಣಗುವುದಿಲ್ಲ. ಮಡಕೆಯ ಮರಳು ಹೇಗೆ ಒಣಗೀತು? ನಾನೂ ಒಮ್ಮೆ ಮಾಡಿ ನೋಡಿದೆ. ಒಳಗಿನ ಬದನೆಕಾಯಿಗೆ ಬೂಷ್ಟು ಬಂತು, ಹೊರಗಿನ ಮಡಕೆಗೆ ಪಾಚಿ ಬಂತು.

ಒಂದೇ ಜಿಲ್ಲೆ ಎಂದು ಎಲ್ಲ ಕಡೆ ಒಂದೇ ಲೆಕ್ಕ ಹಿಡಿಯಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಶಿವಮೊಗ್ಗ ನಗರದಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಪೇಟೆಯಲ್ಲಿರುವ ನನ್ನ ತಂಗಿ ಹಿತ್ತಿಲ ಬುಟ್ಟಿಯಲ್ಲಿ ಇಡುವ ತರಕಾರಿಯನ್ನು ನಾನು ಇಡಲಾರೆ.

ದಿನಪತ್ರಿಕೆಯಲ್ಲಿ ಸುತ್ತಿ ಇಡಬಹುದೇ?

ತೇವ ಹೀರುವುದರಲ್ಲಿ ದಿನಪತ್ರಿಕೆಗೆ ಸಾಟಿಯಿಲ್ಲ, ನಿಜ. ಆದರೆ ಅದರ ಮಸಿ ಒದ್ದೆಯಾದಾಗ ಆಹಾರಕ್ಕೆ ಹತ್ತುತ್ತದೆ, ಆಹಾರವನ್ನು ಅದರಲ್ಲಿ ಕಟ್ಟಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಮೊಳ ಮೊಳ ಹರಿದು ಒಗೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಆ ಬಟ್ಟೆ ಒಣಗಿಸುವುದಕ್ಕೂ ಜಾಗ ಬೇಕು ಎನ್ನುವಿರಾ? ಬಚ್ಚಲ ಒಲೆಯ ಮೇಲಿನ ಗಳು ಇರುವುದು ಏತಕ್ಕೆ?

ಯಾವುದನ್ನು ಫ್ರಿಜ್ಜಿನಲ್ಲಿ ಇಡಬೇಕು, ಯಾವುದನ್ನು ಇಡಬಾರದು?

ಫ್ರಿಜ್ಜಿನ ಒಳಗೆ ಸುಮಾರು 4 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು, ಹೂಕೋಸು, ಬೀನ್ಸ್, ಬಟಾಣಿ, ಸೊಪ್ಪುಗಳಿಗೆ ಅದು ಹಿತ. ಬಿಸಿ ನಾಡಿನ ಬೆಳೆಗಳಿಗೆ ಆ ಚಳಿ ಗಾಯ ಮಾಡುತ್ತದೆ. ಬಾಳೆ 13 ಡಿಗ್ರಿಗಿಂತ ಕೆಳಗೆ ಹೋದರೆ ಸಿಪ್ಪೆ ಕಪ್ಪಾಗುತ್ತದೆ, ಕಾಯಿ ಹಣ್ಣಾಗುವುದೇ ನಿಂತುಹೋಗುತ್ತದೆ. ಸೌತೆಕಾಯಿ 10 ಡಿಗ್ರಿಗಿಂತ ಕೆಳಗೆ ಕೆಲವು ದಿನ ಇದ್ದರೆ ಮೈಯೆಲ್ಲ ಗುಳಿ ಬಿದ್ದು ನೀರೊಡೆಯುತ್ತದೆ. ಬದನೆ, ಬೆಂಡೆ, ಟೊಮೆಟೊ, ಗೆಣಸುಗಳದೂ ಇದೇ ಜಾತಿ. ಬದನೆ, ಬೆಂಡೆಗಳನ್ನು ಎರಡು ಮೂರು ದಿನದೊಳಗೆ ಬಳಸುವುದಾದರೆ ಬುಟ್ಟಿಯಲ್ಲಿಯೇ ಇರಲಿ. ಹೆಚ್ಚು ದಿನ ಬೇಕೆಂದರೆ ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ತೀರಾ ಕೆಳಗಿನ ತರಕಾರಿ ಪೆಟ್ಟಿಗೆಯಲ್ಲಿ ಇಡಿ. ಟೊಮೆಟೊ ಪೂರ್ತಿ ಹಣ್ಣಾಗುವ ತನಕ ಹೊರಗೆ, ತೊಟ್ಟು ಕೆಳಮುಖವಾಗಿ. ಹಣ್ಣಾದ ಮೇಲೆ ಒಳಗೆ ಇಟ್ಟರೆ ರುಚಿ ಒಂದಿಷ್ಟು ಸಪ್ಪೆಯಾದರೂ ಕೊಳೆಯುವುದು ತಪ್ಪುತ್ತದೆ.

ಹಸಿಮೆಣಸಿನ ತೊಟ್ಟು ಮುರಿದು ಇಡಿ. ನಿಂಬೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

ಬಾಳೆಗೊನೆ ಇಡೀ ಒಟ್ಟಿಗೆ ಹಣ್ಣಾಗಿಬಿಡುತ್ತದೆ. ಏನು ಮಾಡುವುದು?

ತೋಟ ಇರುವ ಮನೆಗಳ ದೊಡ್ಡ ಸಂಕಟ ಇದು. ಹದಿನೈದು ದಿನ ಕಾಯಿ ಕಾಯಿ ಎಂದು ಕಾಯ್ದು, ಹದಿನಾರನೆಯ ದಿನ ಬೀದಿಯವರಿಗೆಲ್ಲ ಹಂಚುವುದು.

ಬಾಳೆ, ಮಾವು, ಪಪ್ಪಾಯಿ, ಚಿಕ್ಕು, ಹಲಸು, ಸೀಬೆ, ಟೊಮೆಟೊ ಹಣ್ಣಾಗುವಾಗ ಎಥಿಲೀನ್ ಎಂಬ ಅನಿಲವನ್ನು ಬಿಡುತ್ತವೆ. ಆ ಅನಿಲ ಪಕ್ಕದ ಕಾಯಿಗೂ 'ಹಣ್ಣಾಗು' ಎಂದು ಹೇಳುತ್ತದೆ. ಒಂದು ಚಿಪ್ಪು ಹಣ್ಣಾಗಲು ಶುರುವಾದರೆ ಗೊನೆಯೇ ಹೊರಡುತ್ತದೆ. ಆದ್ದರಿಂದ ಮೇಲಿನ ಚಿಪ್ಪು ಬಣ್ಣ ತಿರುಗುತ್ತಿದ್ದಂತೆ ಅದನ್ನು ಕೊಯ್ದು ಅಡುಗೆಮನೆಗೆ ತನ್ನಿ, ಉಳಿದ ಗೊನೆ ಗಾಳಿಯಾಡುವ ಜಗಲಿಯಲ್ಲಿಯೋ ಕೊಟ್ಟಿಗೆಯ ಮಾಡಿನಲ್ಲಿಯೋ ತೂಗಲಿ. ಚಿಪ್ಪುಗಳನ್ನು ಬಿಡಿಸಿ ಮೂರು ಕೋಣೆಗಳಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಹಣ್ಣಾದ ಮೇಲೆ ಫ್ರಿಜ್ಜಿನಲ್ಲಿ ಇಟ್ಟರೆ ಸಿಪ್ಪೆ ಕಪ್ಪಗಾಗುತ್ತದೆ, ಒಳಗಿನ ತಿರುಳು ಚೆನ್ನಾಗಿಯೇ ಇರುತ್ತದೆ. ಮಕ್ಕಳು ಮುಟ್ಟುವುದಿಲ್ಲ, ಅದು ಬೇರೆ ಮಾತು.

ಬೇಗ ಹಣ್ಣು ಮಾಡಬೇಕಾದರೆ ಇದೇ ಗುಣವನ್ನು ಬಳಸಿಕೊಳ್ಳಿ. ಹಣ್ಣಾದ ಒಂದು ಬಾಳೆಯ ಜೊತೆ ಕಾಯಿಗಳನ್ನು ಅಕ್ಕಿಯ ಡಬ್ಬಿಯಲ್ಲಿಯೋ ಹುಲ್ಲಿನ ನಡುವೆಯೋ ಮುಚ್ಚಿಡಿ. ಪೇಟೆಯಲ್ಲಿ ಯಾರಾದರೂ ಕೊಡುವ ಕಾರ್ಬೈಡ್ ಪುಡಿಯನ್ನು ಮನೆಗೆ ತರಲೇಬೇಡಿ. ಅದರಲ್ಲಿ ಆರ್ಸೆನಿಕ್, ರಂಜಕಗಳ ಕಲ್ಮಶ ಇರುತ್ತದೆ. ಅದರಿಂದ ಮಾಗಿಸಿದ ಹಣ್ಣಿನ ಮಾರಾಟವನ್ನು ಕಾನೂನೇ ನಿಷೇಧಿಸಿದೆ.

ಸೊರಬ, ಸಾಗರದ ಕಡೆಯಿಂದ ಬರುವ ಅನಾನಸಿಗೆ ಈ ಉಪಾಯ ನಡೆಯದು. ಕಿತ್ತ ಮೇಲೆ ಅದರ ಸಿಹಿ ಹೆಚ್ಚುವುದಿಲ್ಲ, ಕಿತ್ತಳೆ, ದ್ರಾಕ್ಷಿಗಳದೂ ಹಾಗೆಯೇ. ಹುಳಿ ಅನಾನಸನ್ನು ಕಾಯುತ್ತಾ ಕೂರಬೇಡಿ, ಗೊಜ್ಜು ಮಾಡಿ.

ಹಣ್ಣು, ತರಕಾರಿ ಒಂದೇ ಬುಟ್ಟಿಯಲ್ಲಿ ಇಡಬಹುದೇ?

ಬೇಡ. ಕಾರಣ ಅದೇ ಎಥಿಲೀನ್. ಬಾಳೆಯ ಪಕ್ಕದ ಸೌತೆಕಾಯಿ ಹಳದಿಯಾಗುತ್ತದೆ, ಸೊಪ್ಪಿನ ಎಲೆ ಹಣ್ಣೆಲೆಯಾಗುತ್ತದೆ, ಸೇಬಿನ ಜೊತೆ ಇಟ್ಟ ಕ್ಯಾರೆಟ್ ಕಹಿಯಾಗುತ್ತದೆ.

ಮೊಗೆಕಾಯಿಯನ್ನು (ಸಾಂಬಾರು ಸೌತೆ) ಜಂತಿಗೆ ತೂಗುಹಾಕುತ್ತಿದ್ದರಲ್ಲ, ಅದು ಈಗಲೂ ಆಗುತ್ತದೆಯೇ?

ಆಗುತ್ತದೆ. ನನ್ನ ಅತ್ತೆಯವರು ಬೇಸಿಗೆಯ ಕೊಯ್ಲಿನ ಮೊಗೆಕಾಯಿಗಳನ್ನು ಬಾಳೆನಾರಿನಲ್ಲಿ ಉರುಳು ಹಾಕಿ ಅಡುಗೆಮನೆಯ ಜಂತಿಗೆ ಸಾಲಾಗಿ ಕಟ್ಟುತ್ತಿದ್ದರು. ಮಳೆಗಾಲ ಪೂರ್ತಿ ಹುಳಿಗೆ ಅವೇ ಆಗುತ್ತಿದ್ದವು. ನೆಲದ ಮೇಲೆ ಇಟ್ಟ ಕಾಯಿ ತನ್ನ ಭಾರಕ್ಕೆ ತಾನೇ ಒತ್ತಿಕೊಳ್ಳುತ್ತದೆ, ಒತ್ತಿದ ಕಡೆ ತೇವ ಸೇರುತ್ತದೆ, ಕೊಳೆ ಅಲ್ಲಿಂದ ಶುರುವಾಗುತ್ತದೆ. ತೂಗುವ ಕಾಯಿಗೆ ಸುತ್ತಲೂ ಗಾಳಿ. ಮೇಲಾಗಿ ಸೌದೆ ಒಲೆಯ ಹೊಗೆ ಮತ್ತು ಕಾವು ಜಂತಿಯ ಮಟ್ಟದಲ್ಲಿ ಗಾಳಿಯನ್ನು ಒಣಗಿಸಿ ಇಡುತ್ತಿದ್ದವು.

ಕಾಯಿ ಪೂರ್ತಿ ಬಲಿತಿರಬೇಕು, ಮೈಮೇಲೆ ಒಂದು ಗೀರೂ ಇರಬಾರದು, ತೊಟ್ಟು ಇರಲೇಬೇಕು. ತೊಟ್ಟು ಮುರಿದ ಕಾಯಿಯ ತಲೆ ತೆರೆದ ಗಾಯವಿದ್ದಂತೆ, ಅದು ಮೊದಲ ದಿನವೇ ಹುಳಿಗೆ ಹೋಗಲಿ. ಮದುವೆಯಾದ ಹೊಸತರಲ್ಲಿ ಇದನ್ನು ಅರಿಯದೆ ತೊಟ್ಟಿಲ್ಲದ ಒಂದು ಕಾಯಿಯನ್ನು ಚಾವಡಿಯ ಜಂತಿಗೆ ಕಟ್ಟಿದ್ದೆ. ಅದು ಒಳಗೊಳಗೇ ಕೊಳೆತು ಒಂದು ಮಧ್ಯರಾತ್ರಿ ಕೆಳಗೆ ಮಲಗಿದ್ದ ನೆಂಟರ ಹಾಸಿಗೆಯ ಮೇಲೆ ಬಿತ್ತು. ಆ ನೆಂಟರು ಇಂದಿಗೂ ನಮ್ಮ ಮನೆಗೆ ಬಂದರೆ ಮೊದಲು ಮಾಡು ನೋಡುತ್ತಾರೆ.

ತಾರಸಿ ಮನೆಯವರು ಬಲೆಚೀಲದಲ್ಲಿ ಹಾಕಿ ಕಿಟಕಿಯ ಸರಳಿಗೆ ತೂಗಬಹುದು, ಎರಚಲು ಬಡಿಯದ ಕಡೆ. ಚೀನಿಕಾಯಿಗೂ (ಸಿಹಿಗುಂಬಳ) ಇದೇ ಕ್ರಮ. ಬೂದುಗುಂಬಳದ ಮೈಮೇಲಿನ ಬೂದಿಯನ್ನು ಒರೆಸಬೇಡಿ. ಅದು ಕೊಳಕಲ್ಲ, ನೀರು ಒಳನುಗ್ಗದಂತೆ ಕಾಯಿಯೇ ಹೊದ್ದ ಮೇಣ. ಒರೆಸದ ಬೂದುಗುಂಬಳ ತಿಂಗಳುಗಟ್ಟಲೆ ಇರುತ್ತದೆ.

ಈರುಳ್ಳಿ, ಆಲೂಗೆಡ್ಡೆ, ಶುಂಠಿ?

ಈರುಳ್ಳಿ, ಆಲೂಗೆಡ್ಡೆ ಬೇರೆ ಬೇರೆ ಬುಟ್ಟಿಯಲ್ಲಿ ಇರಲಿ, ಒಟ್ಟಿಗೆ ಇಟ್ಟರೆ ಎರಡೂ ಬೇಗ ಕೆಡುತ್ತವೆ. ಈರುಳ್ಳಿಗೆ ಗಾಳಿ ಬೇಕು, ಆಲೂಗೆಡ್ಡೆಗೆ ಕತ್ತಲೆ ಬೇಕು. ಬೆಳಕು ಬಿದ್ದು ಹಸಿರಾದ ಆಲೂಗೆಡ್ಡೆಯಲ್ಲಿ ಸೋಲನಿನ್ ಎಂಬ ವಿಷ ಹೆಚ್ಚುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಹಸಿರು ಭಾಗವನ್ನು ದಪ್ಪಗೆ ಕೆತ್ತಿ ತೆಗೆಯಿರಿ, ಪೂರ್ತಿ ಹಸಿರಾದರೆ ಎಸೆಯಿರಿ. ಮಳೆಗಾಲಕ್ಕೆಂದು ಮೂಟೆ ಈರುಳ್ಳಿ ತಂದು ಹಾಕುವ ಹಳೆಯ ರೂಢಿಯನ್ನು ನಾನು ಬಿಟ್ಟಿದ್ದೇನೆ. ಅರ್ಧ ಮೂಟೆ ನಮಗೆ, ಅರ್ಧ ಮೂಟೆ ತಿಪ್ಪೆಗೆ ಆಗುತ್ತಿತ್ತು.

ಶುಂಠಿಯನ್ನು, ಸುವರ್ಣಗೆಡ್ಡೆಯನ್ನು ಒಣ ಮರಳಿನಲ್ಲಿ ಹೂತಿಡಿ. ಸುವರ್ಣಗೆಡ್ಡೆಯ ಕತ್ತರಿಸಿದ ಮುಖಕ್ಕೆ ಒಲೆಯ ಬೂದಿ ಹಚ್ಚಿದರೆ ಗಾಯ ಒಣಗುತ್ತದೆ.

ಗಾಳಿಮಳೆಗೆ ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಫ್ರಿಜ್ಜಿನಲ್ಲಿ ಇದ್ದದ್ದು ಏನಾಗುತ್ತದೆ?

ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ತಂಪು ಸುಮಾರು 4 ಗಂಟೆ ನಿಲ್ಲುತ್ತದೆ. ಮೇಲಿನ ಫ್ರೀಜರ್ ತುಂಬಿದ್ದರೆ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ. ಅದಕ್ಕೇ ಮೇ ಕೊನೆಯಲ್ಲಿ ಫ್ರೀಜರಿನ ಖಾಲಿ ಜಾಗಕ್ಕೆಲ್ಲ ನೀರಿನ ಬಾಟಲಿ ಇಟ್ಟು ಹೆಪ್ಪುಗಟ್ಟಿಸಿ ಬಿಡುತ್ತೇನೆ. ಬಾಟಲಿಯನ್ನು ಕಂಠದ ತನಕ ತುಂಬಬೇಡಿ, ಒಡೆಯುತ್ತದೆ.

ಇಡೀ ತರಕಾರಿಗಳ ಬಗ್ಗೆ ಭಯ ಬೇಡ, ಅವು ಬಾಡಬಹುದು ಅಷ್ಟೆ. ಹಾಲು, ಮೀನು, ಮಾಂಸ, ಬೇಯಿಸಿದ ಪದಾರ್ಥ, ಹೆಚ್ಚಿಟ್ಟ ಹೋಳುಗಳ ಬಗ್ಗೆ ಎಚ್ಚರ. ಊರಿಗೆ ಹೋಗುವಾಗ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟು ಹೋಗಿ. ಬಂದು ನೋಡಿದಾಗ ನಾಣ್ಯ ತಳ ಸೇರಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದು ಅರ್ಥ.

ಫ್ರೀಜರಿನಲ್ಲಿ ಇಟ್ಟ ಬೀನ್ಸ್, ಬಟಾಣಿ ಹುಲ್ಲಿನ ರುಚಿ ಬರುತ್ತದೆ. ಎಲ್ಲಿ ತಪ್ಪಾಗಿದೆ?

ಹಸಿಯಾಗಿ ಇಟ್ಟಿದ್ದೀರಿ. ತರಕಾರಿಯೊಳಗಿನ ಕಿಣ್ವಗಳು ಹೆಪ್ಪಿನಲ್ಲಿಯೂ ಮೆಲ್ಲಗೆ ಕೆಲಸ ಮಾಡುತ್ತಿರುತ್ತವೆ. ಕುದಿಯುವ ನೀರಿಗೆ ಹಾಕಿ ಬಟಾಣಿಯನ್ನು ಒಂದೂವರೆ ಎರಡು ನಿಮಿಷ, ಬೀನ್ಸನ್ನು ಮೂರು ನಿಮಿಷ ಬಿಟ್ಟು, ಕೂಡಲೇ ತಣ್ಣೀರಿಗೆ ಸುರಿದು, ಬಸಿದು ಒರೆಸಿ ಇಡಿ. ಹಲಸಿನ ತೊಳೆ, ಮಾವಿನ ಹೋಳು, ತೆಂಗಿನ ತುರಿಗೆ ಇದು ಬೇಡ.

ಹಲಸಿನ ಹಣ್ಣು ಒಂದೇ ದಿನಕ್ಕೆ ಮುಗಿಯುವುದಿಲ್ಲವಲ್ಲ?

ಬಕ್ಕೆ ಹಲಸಾದರೆ ತೊಳೆ ಬಿಡಿಸಿ, ಬೀಜ ತೆಗೆದು ಡಬ್ಬಿಗೆ ಹಾಕಿದರೆ ಫ್ರಿಜ್ಜಿನಲ್ಲಿ ನಾಲ್ಕೈದು ದಿನ, ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಡಬ್ಬಿ ಬಿಗಿಯಾಗಿ ಮುಚ್ಚದಿದ್ದರೆ ಹಾಲಿಗೂ ಹಲಸಿನ ವಾಸನೆ. ಮೆತ್ತನೆಯ ಜಾತಿಯ ಹಣ್ಣನ್ನು ಇಡುವ ಯೋಚನೆಯೇ ಬೇಡ, ಅಂದೇ ಕಡುಬು ಮಾಡಿ.

ಬಲಿತ ಕಾಯಿಯ ತೊಳೆಯನ್ನು ಕಲ್ಲುಪ್ಪಿನ ಜೊತೆ ಭರಣಿಯಲ್ಲಿ ಒತ್ತಿ ತುಂಬಿ, ಮೇಲೆ ಭಾರ ಹೇರಿದರೆ ಮಳೆಗಾಲದ ಪಲ್ಯಕ್ಕೆ ಉಪ್ಪುಸೊಳೆ ಸಿದ್ಧ. ಬೀಜವನ್ನು ತೊಳೆದು ಆರಿಸಿ, ಕೆಮ್ಮಣ್ಣಿನ ಕೆಸರಿನಲ್ಲಿ ಹೊರಳಿಸಿ ಮತ್ತೆ ಒಣಗಿಸಿ ಇಡುವುದು ಹಳೆಯ ಕ್ರಮ. ಮಣ್ಣಿನ ಪದರ ಬೀಜವನ್ನು ಹುಳುವಿನಿಂದ ಕಾಯುತ್ತದೆ, ಒಳಗಿನ ಹಸಿಯನ್ನೂ ಉಳಿಸುತ್ತದೆ.

ಅಪ್ಪೆಮಿಡಿ (ಉಪ್ಪಿನಕಾಯಿಯ ಎಳೆ ಮಾವು) ತಂದ ಮೇಲೆ ಎಷ್ಟು ದಿನ ಇಡಬಹುದು?

ದಿನ ಎನ್ನಬೇಡಿ, ಗಂಟೆ ಎನ್ನಿ. ರಿಪ್ಪನ್‌ಪೇಟೆ, ಸಾಗರದ ಕಡೆ ಮಿಡಿ ಮಾರಾಟದ ಕಾಲದಲ್ಲಿ ಬೆಳಗ್ಗೆ ಕೊಂಡದ್ದು ಸಂಜೆಯೊಳಗೆ ಉಪ್ಪು ಕಾಣಬೇಕು. ನೆಲಕ್ಕೆ ಉದುರಿದ ಮಿಡಿ, ತೊಟ್ಟಿಲ್ಲದ ಮಿಡಿ ಆರಿಸಿ ತೆಗೆಯಿರಿ. ಉಳಿದವುಗಳಿಗೆ ಚೂರು ತೊಟ್ಟು ಉಳಿಸಿ. ಸೊನೆ ಒಳಗೆ ಉಳಿದರೇ ಅಪ್ಪೆಗೆ ಆ ಪರಿಮಳ. ತೊಳೆದು ನೆರಳಿನಲ್ಲಿ ಪೂರ್ತಿ ಆರಿಸಿ, ಒಣ ಭರಣಿಯಲ್ಲಿ ಒಂದು ಪದರ ಮಿಡಿ ಒಂದು ಪದರ ಕಲ್ಲುಪ್ಪು ಹಾಕುತ್ತಾ ಹೋಗಿ. ಕೆಲವು ದಿನಗಳಲ್ಲಿ ಮಿಡಿ ನೀರು ಬಿಟ್ಟು ಸುಕ್ಕಾಗುತ್ತದೆ. ಒಂದು ಮಿಡಿಯೂ ಉಪ್ಪುನೀರಿನ ಮೇಲೆ ತೇಲಬಾರದು, ಬೂಷ್ಟು ಗಾಳಿ ತಾಗಿದ ಕಡೆಯೇ ಹಿಡಿಯುವುದು. ಒದ್ದೆ ಕೈ, ಒದ್ದೆ ಸೌಟು ಭರಣಿಯ ಹತ್ತಿರವೂ ಸುಳಿಯಬಾರದು.

ಕಳಲೆ (ಎಳೆ ಬಿದಿರು), ಅಣಬೆ?

ಕಳಲೆಯನ್ನು ಹಸಿಯಾಗಿ ತಿನ್ನಬಾರದು, ಅದರಲ್ಲಿ ಸಯನೈಡ್ ಬಿಡುವ ಅಂಶ ಇದೆ. ತೆಳ್ಳಗೆ ಹೆಚ್ಚಿ ಮೂರು ದಿನ ನೀರಿನಲ್ಲಿ ನೆನೆಸಿ, ದಿನವೂ ನೀರು ಚೆಲ್ಲಿ ಹೊಸ ನೀರು ಹಾಕಿ, ಆಮೇಲೆ ಬೇಯಿಸಿ. ಉಳಿದದ್ದನ್ನು ಉಪ್ಪುನೀರಿನ ಭರಣಿಯಲ್ಲಿ ಇಟ್ಟುಕೊಳ್ಳಬಹುದು. ಅಣಬೆಯನ್ನು ಇಡುವ ಮಾತೇ ಇಲ್ಲ, ತಂದ ದಿನವೇ ಸಾರು. ಗುಡ್ಡದ ಅಣಬೆಯ ಗುರುತು ಖಚಿತವಾಗಿ ಇಲ್ಲದಿದ್ದರೆ ತರುವುದೇ ಬೇಡ.

ಬೂಷ್ಟು ಬಂದ ಭಾಗ ಕತ್ತರಿಸಿ ಉಳಿದದ್ದನ್ನು ಬಳಸಬಹುದೇ?

ಕ್ಯಾರೆಟ್, ಎಲೆಕೋಸಿನಂತಹ ಗಟ್ಟಿ ತರಕಾರಿಯಾದರೆ ಬೂಷ್ಟಿನ ಸುತ್ತ ಎರಡೂವರೆ ಸೆಂಟಿಮೀಟರ್ ಬಿಟ್ಟು ಕತ್ತರಿಸಿ ಬಳಸಬಹುದು; ಚಾಕು ಬೂಷ್ಟಿಗೆ ತಗುಲಬಾರದು. ಟೊಮೆಟೊ, ಸೌತೆ, ಮೆತ್ತನೆಯ ಹಣ್ಣುಗಳಲ್ಲಿ ಅದರ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆ ಹರಡಿರುತ್ತವೆ, ಎಸೆಯಿರಿ. ಬೂಷ್ಟು ಹಿಡಿದ ಕೊಬ್ಬರಿ, ಶೇಂಗಾವನ್ನು ದನಕ್ಕೂ ಹಾಕಬೇಡಿ.

ಬಾಡಿದ್ದು ಬೇರೆ, ಕೆಟ್ಟದ್ದು ಬೇರೆ. ಬಾಡಿದ ಹರಿವೆಯನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ಇಟ್ಟರೆ ಎದ್ದು ಕೂರುತ್ತದೆ.

ಬೆಂಗಳೂರಿನಲ್ಲಿರುವ ಮಗಳಿಗೆ ರಾತ್ರಿ ಬಸ್ಸಿನಲ್ಲಿ ತರಕಾರಿ ಕಳುಹಿಸುತ್ತೇವೆ. ತಲುಪುವಷ್ಟರಲ್ಲಿ ಅರ್ಧ ಹಾಳು.

ರಟ್ಟಿನ ಪೆಟ್ಟಿಗೆಗೆ ನಾಲ್ಕೂ ಕಡೆ ತೂತು ಮಾಡಿ. ತಳಕ್ಕೆ ಒಣಹುಲ್ಲು, ಅದರ ಮೇಲೆ ಮೊಗೆಕಾಯಿ, ಗೆಡ್ಡೆ, ತೆಂಗಿನಕಾಯಿ. ನಡುವೆ ಬದನೆ, ಹೀರೆ. ಎಲ್ಲಕ್ಕಿಂತ ಮೇಲೆ ಬಟ್ಟೆಯಲ್ಲಿ ಸುತ್ತಿದ ಸೊಪ್ಪು. ಬಾಳೆಹಣ್ಣು ಬೇರೆ ಚೀಲದಲ್ಲಿ ಹೋಗಲಿ, ಅದೂ ಕಾಯಿಯಾಗಿದ್ದಾಗಲೇ. ಬೆಳಗ್ಗೆಯೇ ಕೊಯ್ದು ಹರವಿ ಆರಿಸಿಕೊಳ್ಳಿ, ಮಳೆಯಲ್ಲಿ ಸಂಜೆ ಕೊಯ್ದು ತುಂಬಬೇಡಿ. ಡಬ್ಬಿಯ ಸಾರು, ಚಟ್ನಿಗಳನ್ನು ಇದರೊಳಗೆ ತುರುಕಬೇಡಿ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಬಂದ ಕೂಡಲೇ ಬಿಚ್ಚು' ಎಂದು ಬರೆಯಿರಿ. ನನ್ನ ಮಗಳು ಕಚೇರಿಯಿಂದ ಬಂದು ಸಂಜೆ ಬಿಚ್ಚುತ್ತಾಳೆ. ಅದಕ್ಕೇ ಈಗ ಬೆಳಗ್ಗೆ ಏಳಕ್ಕೆ ನಾನೇ ಫೋನ್ ಮಾಡುತ್ತೇನೆ.